ಸಾಕಮ್ಮನ ನಾಗಪುರದ ಟಿಕೆಟ್ಟು

"ಕ್ಯೂಗಳ ಕಾಲ ಮುಗಿಯಿತು! ಇನ್ನು ಮೇಲೆ ಈ ಮಾದೇಶ ಯಾವ ಕಿಟಕಿಯ ಮುಂದೆಯೂ ಕೈ ಚಾಚಿಕೊಂಡು ನಿಲ್ಲುವವನಲ್ಲ!"

ಎರಡು ಸಾವಿರದ ಮೂರನೇ ಇಸವಿಯ ಒಂದು ಭಾನುವಾರ, ತಿ. ನರಸೀಪುರದ ಹೊಸಬೀದಿಯ ತನ್ನ ಮನೆಯಲ್ಲಿ ಮಾದೇಶ ಹೀಗೆ ಘೋಷಣೆ ಹೊರಡಿಸಿದಾಗ ಕೇಳಿಸಿಕೊಂಡವಳು ಹೆಂಡತಿ ಯಶೋಧರಾ ಒಬ್ಬಳೇ. ಅವಳೋ ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು.

"ಮೆಲ್ಲಗೆ ಮಾತಾಡ್ರೀ, ಅತ್ತೆಗೆ ಕೇಳಿಸ್ತದೆ" ಅಂದಳು.

ಕೇಳಿಸಬಾರದಿತ್ತು. ಯಾಕೆಂದರೆ ಗುಟ್ಟೆಲ್ಲ ಇದ್ದದ್ದೇ ಆ ಅತ್ತೆಯ ವಿಷಯದಲ್ಲಿ. ಮಾದೇಶನ ತಾಯಿ ಸಾಕಮ್ಮನಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ. ಬಾಬಾಸಾಹೇಬರು ಬೌದ್ಧ ದೀಕ್ಷೆ ತೆಗೆದುಕೊಂಡ ನಾಗಪುರದ ದೀಕ್ಷಾಭೂಮಿಯನ್ನು ಕಣ್ಣಾರೆ ನೋಡಬೇಕು. ಗಂಡ ಕರೆದುಕೊಂಡು ಹೋಗುತ್ತೇನೆಂದು ಹೇಳುತ್ತಾ ಹೇಳುತ್ತಾ ತೀರಿಕೊಂಡಿದ್ದ. ಆಮೇಲೆ ಸಾಕಮ್ಮ ಆ ಮಾತೆತ್ತುವುದನ್ನೇ ಬಿಟ್ಟಿದ್ದಳು. ಮಂಡಿನೋವು ಏರುತ್ತಿತ್ತು. ಈ ಅಕ್ಟೋಬರಿನ ದೀಕ್ಷಾದಿನ ತಪ್ಪಿದರೆ ಇನ್ನು ಆಗುವ ಮಾತಲ್ಲವೆಂದು ಮಾದೇಶನಿಗೂ ಗೊತ್ತಿತ್ತು. ಟಿಕೆಟ್ಟನ್ನು ಕೈಯಲ್ಲಿಟ್ಟು ಅವಳ ಮುಖ ನೋಡಬೇಕೆಂಬುದು ಅವನ ಹಂಚಿಕೆ. ಅದಕ್ಕೇ ಇಷ್ಟು ಗುಟ್ಟು.

ಬಸ್ ಸ್ಟ್ಯಾಂಡಿನ ಹಿಂದೆ ಆಗಷ್ಟೇ ಒಂದು ಸೈಬರ್ ಕೆಫೆ ಬಾಗಿಲು ತೆರೆದಿತ್ತು. ಮಾದೇಶ ಅಲ್ಲಿ ರಾಜಗಾಂಭೀರ್ಯದಿಂದ ಆಸೀನನಾದ. ಪರದೆಯ ಮೇಲೆ ಮರಳು ಗಡಿಯಾರ ತಿರುಗತೊಡಗಿತು. ತಿರುಗಿತು, ತಿರುಗಿತು, ತಲಕಾಡಿನ ಮರಳೆಲ್ಲ ಅದರಲ್ಲೇ ಸುರಿದು ಮುಗಿಯಬಹುದು ಎನ್ನುವಷ್ಟು ತಿರುಗಿತು! ಕೊನೆಗೂ ತಾಯಿಗೆ, ಹೆಂಡತಿಗೆ, ತನಗೆ ಸೀಟು ಸಿಕ್ಕಿತು. ಕೆಫೆಯವನ ಕಾರ್ಡಿನಲ್ಲಿ ಹಣ ಕಟ್ಟಿದ್ದಾಯಿತು. ಮನೆಯಲ್ಲಿ ಫೋನಿಲ್ಲದ್ದರಿಂದ ಬೀದಿ ತುದಿಯ ಪುಟ್ಟಬಸವಯ್ಯನ ಅಂಗಡಿಯ ನಂಬರು ಕೊಟ್ಟು, ಅವರು ಕರೆದುಕೊಡುತ್ತಾರೆ ಎಂಬರ್ಥದಲ್ಲಿ ಪಕ್ಕದಲ್ಲಿ ಎಲ್ಲರಂತೆ 'ಪಿ.ಪಿ.' ಅಂತ ಸೇರಿಸಿದ. ಟಿಕೆಟ್ಟು ಮನೆಗೇ ಬರುತ್ತದೆಂದು ಪರದೆ ಹೇಳಿತು.

ಮನೆಗೆ ಬರುವ ಕಾಗದ ಎಂದರೆ ಪೋಸ್ಟಿನಲ್ಲಿ ತಾನೆ? ಮಾದೇಶ ನೇರ ಹೋಗಿ ಪೋಸ್ಟ್‌ಮನ್ ದೊಡ್ಡಮಾದಯ್ಯನ ಕಿವಿಯಲ್ಲಿ, "ನಮ್ಮ ಹೆಸರಿಗೆ ದಪ್ಪ ಕವರ್ ಬಂದ್ರೆ ಮನೇಗ್ ಕೊಡ್ಬೇಡಿ, ನಮ್ಮಾಫೀಸಿಗೇ ತನ್ನಿ" ಅಂತ ಹೇಳಿ ಬಂದ. ಎಲ್ಲ ಬಂದೋಬಸ್ತೂ ಆಯಿತೆಂದು ಮೀಸೆ ತಿರುವಿಕೊಂಡ.

ಇಲ್ಲಿ ಮಾದೇಶನ ಇನ್ನೊಂದು ಕೀರ್ತಿಯನ್ನು ಹೇಳಬೇಕು. ಅವನು ನೀರಾವರಿ ಕಚೇರಿಯ ಗುಮಾಸ್ತ. ನೋಟೀಸು ಬರೆಯುವುದರಲ್ಲೇ ಕೂದಲು ಉದುರಿದವನು. ಎರಡು ವರ್ಷದ ಹಿಂದೆ ಹೊಸಬೀದಿಯ ಜಗುಲಿಗಳೆಲ್ಲ ರಸ್ತೆಗೆ ಬಂದಿವೆ, ಒಡೆಯಿರಿ ಎಂದು ಮನೆಮನೆಗೂ ನೋಟೀಸು ಬಂದಾಗ, ಇಡೀ ಬೀದಿಯನ್ನು ಕೂರಿಸಿಕೊಂಡು ಉಪದೇಶ ಮಾಡಿದ್ದ. "ಯಾರೇ ಬಂದು ಸೈನ್ ಹಾಕಿ ಅಂದ್ರೂ ಹಾಕಕೂಡದು. ಆ ಹೆಸರಿನವರು ಇಲ್ಲಿಲ್ಲ ಅನ್ನಿ. ಒಬ್ಬರ ಹೆಸರು ಇನ್ನೊಬ್ಬರು ಬಿಟ್ಟುಕೊಡಕೂಡದು!" ಅದೇನು ಮಾಯೆಯೋ, ನೋಟೀಸಿನವರು ತಿರುಗಿ ತಿರುಗಿ ಸುಸ್ತಾದರು. ಜಗುಲಿಗಳು ಉಳಿದವು. ಅಂದಿನಿಂದ ಹೊಸಬೀದಿಗೆ ಮಾದೇಶನ ಮಾತೆಂದರೆ ಮಾತು.

ಹದಿನೈದು ದಿನವಾದರೂ ದೊಡ್ಡಮಾದಯ್ಯ ಕವರು ತರಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ಸಾಕಮ್ಮನ ಮುಖ ಯಾಕೋ ಹಿಗ್ಗಿತ್ತು.

"ಇವತ್ತೂ ಬಂದಿದ್ದ ಕಣ್ಲಾ ಆ ನೋಟೀಸ್ನೋನು" ಅಂದಳು.

"ಯಾರವ್ವ?"

"ಬೈಕಿನೋನು. ಮೈಸೂರ್ ಕಡೆಯೋನು. 'ಮಾದೇಶ್ ಮನೆ ಇದೇನಾ, ಸೈನ್ ಹಾಕಿ' ಅಂದ. ಮೊದ್ಲು ಬಂದಾಗ್ಲೇ ನಾನು 'ಆ ಎಸರಿನೋರು ಇಲ್ಲಿಲ್ಲ' ಅಂದಿದ್ದೆ. ಇವತ್ತು ತಿರ್ಗಾ ಬಂದ. ಎದುರ್ಮನೆ ಮುದ್ದಮ್ಮ ಇದ್ದೋಳು, 'ಸತ್ತೋದ ಕಣಪ್ಪ, ಚಿನ್ನದಂತ ಮಗ' ಅಂತ ಸೆರಗು ಬಾಯಿಗಿಟ್ಕಂಡು ಅತ್ತೇಬುಟ್ಲು! ನೀರು ಬಂದ್ಬುಡ್ತು ಕಣ್ಲಾ ಅವಳ ಕಣ್ಣಲ್ಲಿ. ಅವ್ನೂ ಪಾಪ, ಎಲ್ಮೆಟ್ ತಗ್ದು ಕೈ ಮುಗ್ದೋದ."

"ಭೇಷ್!" ಮಾದೇಶ ತೊಡೆ ತಟ್ಟಿದ. "ಬೀದಿ ಅಂದ್ರೆ ಇದು! ತಾಯಿ ಅಂದ್ರೆ ಇವಳು!" ಅಂದವನೇ ಸಂತೋಷಕ್ಕೆ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಯಶೋಧರಾ ಮಾತ್ರ ಸಾರಿನ ಸೌಟು ಹಿಡಿದೇ ನಿಂತಿದ್ದಳು. ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು. "ರೀ, ಪೋಸ್ಟಲ್ಲಿ ಬರುತ್ತೆ ಅಂತ ಆ ಕಂಪ್ಯೂಟರು ಹೇಳ್ತಾ, ನೀವೇ ಅಂದ್ಕೊಂಡ್ರಾ?"

ಎರಡನೇ ಮುದ್ದೆ ಮಾದೇಶನ ತಟ್ಟೆಯಲ್ಲೇ ಉಳಿಯಿತು.

ಬೆಳಿಗ್ಗೆ ಕೆಫೆಯ ಬಾಗಿಲು ತೆಗೆಯುವ ಮೊದಲೇ ಅವನು ಮೆಟ್ಟಿಲ ಮೇಲಿದ್ದ. ಮರಳು ಗಡಿಯಾರ ತಿರುಗಿ ತಿರುಗಿ ಕೊನೆಗೆ ಹೇಳಿತು: ಕೊರಿಯರ್ ಮೂಲಕ ಕಳಿಸಲಾಗಿತ್ತು, ವಿಳಾಸದಾರರು ತೀರಿಕೊಂಡಿದ್ದಾರೆ, ಹಿಂದಿರುಗಿಸಲಾಗುತ್ತಿದೆ. ತನ್ನ ಮರಣವಾರ್ತೆಯನ್ನು ತಾನೇ ಓದಿಕೊಂಡ ಮಾದೇಶ ಸಿಕ್ಕಿದ ಬಸ್ಸು ಹತ್ತಿ ಮೈಸೂರಿಗೆ ಓಡಿದ.

ಕೊರಿಯರ್ ಆಫೀಸಿನ ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದರು. ಕವರು ಅವರ ಮೇಜಿನ ಮೇಲೇ ಇತ್ತು. ಸಂಜೆಯ ಗಾಡಿಗೆ ವಾಪಸ್ ಹೊರಡಬೇಕಿತ್ತು. ಹೋದರೆ ಮುಗಿಯಿತು, ಅಕ್ಟೋಬರಿನ ರೈಲಿನಲ್ಲಿ ಇನ್ನು ಬರ್ತು ಸಿಗುವಂತಿರಲಿಲ್ಲ.

"ಸಾರ್, ನಾನೇ ಮಾದೇಶ್. ಇಗೋ ಆಫೀಸಿನ ಕಾರ್ಡು."

"ಇಂಥ ಕಾರ್ಡು ಸತ್ತವರ ಮನೇಲೂ ಇರ್ತದೆ ಸಾರ್. ಫೋಟೋದಲ್ಲಿ ಕೂದಲಿದೆ, ನಿಮಗಿಲ್ಲ."

"ಅದು ನೋಟೀಸು ಬರೆದು ಉದುರಿದ್ದು ಸಾರ್!"

"ನಮ್ಮ ಹುಡುಗ ಬೀದಿಯವರನ್ನೆಲ್ಲ ಕೇಳಿದಾನೆ. ಒಬ್ಬ ಹೆಂಗಸು ಅತ್ತರಂತೆ. ಇರಲಿ, ಕವರಿನ ಮೇಲೆ ಪಿ.ಪಿ. ನಂಬರಿದೆ. ಅವರು ನೀವು ಬದುಕಿದೀರ ಅಂದ್ರೆ ಕೊಡ್ತೀನಿ."

ಪುಟ್ಟಬಸವಯ್ಯನಿಗೆ ತಾನೇ ಕಲಿಸಿದ ಪಾಠ ಮಾದೇಶನಿಗೆ ನೆನಪಾಯಿತು. ಅಷ್ಟರಲ್ಲಿ ಮ್ಯಾನೇಜರು ನಂಬರು ಒತ್ತಿ ಸ್ಪೀಕರ್ ಹಾಕಿಯೇಬಿಟ್ಟರು.

"ಹೊಸಬೀದಿ ಮಾದೇಶ್ ಗೊತ್ತೇನ್ರೀ ನಿಮಗೆ? ಅವರದೊಂದು ಕವರಿತ್ತು, ಸೈನ್ ಹಾಕಿಸ್ಕೋಬೇಕಿತ್ತು."

ಸೈನ್ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಪುಟ್ಟಬಸವಯ್ಯನ ದನಿ ಶೋಕದಿಂದ ಭಾರವಾಯಿತು. "ಅಯ್ಯೋ, ಅವ್ನು ಓಗ್ಬುಟ್ಟ ಸಾ. ಒಳ್ಳೇ ಮನ್ಸ. ತಿಥಿಗೆ ಅಕ್ಕಿ ಬೆಲ್ಲ ನಮ್ಮಂಗ್ಡೀಲೇ ತಕ್ಕಂಡೋದ್ರು."

ಮಾದೇಶ ಫೋನಿನ ಮೇಲೆ ಬಿದ್ದ. "ಬಸವಣ್ಣ! ನಾನು ಕಣಣ್ಣ, ಮಾದೇಶ!"

ಪುಟ್ಟಬಸವಯ್ಯ ಪಿಸುದನಿಯಲ್ಲಿ, ಆದರೆ ಇಡೀ ಆಫೀಸಿಗೆ ಕೇಳಿಸುವಂತೆ ಅಂದ: "ಇಡ್ಕಂಡ್ಬುಟ್ರಾ? ಎದುರ್ಕಬೇಡ ಕಣ್ಲಾ! ಸತ್ತೋಗಿವ್ನಿ ಅಂತ್ಲೇ ಯೋಳು. ಎಲ್ಗೆ ಬೇಕಾದ್ರೂ ಬಂದು ನಾನು ಸಾಕ್ಷಿ ಯೋಳ್ತಿನಿ!"

ಆಫೀಸಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾದೇಶನಿಗೆ ಅಳು ಬರುವುದೊಂದು ಬಾಕಿ. "ಅಣ್ಣ, ನಿನ್ನ ದಮ್ಮಯ್ಯ, ಅವ್ವನ್ನ ಕರಿ" ಎಂದು ಗೋಗರೆದ.

ಸಾಕಮ್ಮ ಅಂಗಡಿಯ ಫೋನಿಗೆ ಬಂದಳು. ಮ್ಯಾನೇಜರು ಕೇಳಿದರು, "ಮಾದೇಶ್ ನಿಮ್ಮ ಮಗನೇನಮ್ಮಾ?"

"ನಂಗೆ ಮಕ್ಕಳೇ ಇಲ್ಲ ಕಣಪ್ಪ" ಅಂದಳು ಸಾಕಮ್ಮ, ತಡವರಿಸದೆ.

ಮಾದೇಶ ತಲೆಯ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕುಸಿದ. ಗುಟ್ಟನ್ನು ಇನ್ನು ಕಾಯುವಂತಿರಲಿಲ್ಲ. "ಕವರು ಒಡೆದು ಓದಿ ಸಾರ್, ಅವಳಿಗೆ ಓದಿ ಹೇಳಿ" ಅಂದ.

ಮ್ಯಾನೇಜರು ಒಡೆದು ಓದಿದರು. "ಸಾಕಮ್ಮ, ವಯಸ್ಸು ಅರವತ್ತೆಂಟು. ಕೆಳಗಿನ ಬರ್ತು. ನಾಗಪುರ."

"ಯಾವೂರು ಅಂದ್ರಿ?"

"ನಾಗಪುರ ಕಣಮ್ಮಾ. ರೈಲು ಟಿಕೆಟ್ಟು. ನಿಮ್ಮ ಹೆಸರಲ್ಲಿದೆ."

"ಅವ್ನು ನನ್ನ ಮಗ ಕಣಪ್ಪ" ಅಂದಳು ಸಾಕಮ್ಮ. "ಒಬ್ನೇ ಮಗ. ಬದ್ಕವ್ನೆ. ನೂರೊರ್ಸ ಬದುಕ್ತಾನೆ. ಅವ್ನ ಕೈಗೆ ಕೊಟ್ಬುಡು."

ಮ್ಯಾನೇಜರು ಕವರನ್ನು ಮಾದೇಶನ ಮುಂದಿಟ್ಟು ಪೆನ್ನು ಕೊಟ್ಟರು. ಅವನಿಗೆ ಸೈನ್ ಹಾಕುವ ಜಾಗವೇ ಕಾಣಿಸಲಿಲ್ಲ, ಕಣ್ಣು ಅಷ್ಟು ಮಂಜಾಗಿತ್ತು.

ಊರಿಗೆ ಬಂದಿಳಿದಾಗ ಹೊಸಬೀದಿಗೆ ಹೊಸಬೀದಿಯೇ ಬಸ್ ಸ್ಟ್ಯಾಂಡಿನಲ್ಲಿತ್ತು. ಮುದ್ದಮ್ಮ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. "ನನ್ನ ನಾಲಿಗೆಗೆ ಉಳ ಬೀಳ, ಮಗಾ" ಅಂತ ಈ ಸಲ ನಿಜವಾಗಿಯೇ ಅತ್ತಳು. ಪುಟ್ಟಬಸವಯ್ಯ ಮುಖ ತೋರಿಸಲಾರದೆ ಟವೆಲಿನಲ್ಲಿ ಬೆವರೊರೆಸಿಕೊಳ್ಳುತ್ತಾ ನಿಂತಿದ್ದ. ಮಾದೇಶ ಹೋಗಿ ಅವನ ಎರಡೂ ಕೈ ಹಿಡಿದುಕೊಂಡ. ಏನು ತಪ್ಪು ಮಾಡಿದೆ ಎಂದು ಕೇಳದೆಯೇ ತನಗಾಗಿ ಕೋರ್ಟು ಹತ್ತಲು ಸಿದ್ಧವಾದ ಜನ ಎಷ್ಟು ಮಂದಿಗಿರುತ್ತಾರೆ? ತಾನು ದೊಡ್ಡ ಭಾಗ್ಯವಂತ ಅಂತ ಆವತ್ತು ಅವನಿಗೆ ಅನ್ನಿಸಿತು.

ಸಾಕಮ್ಮ ಟಿಕೆಟ್ಟನ್ನು ಕಣ್ಣಿಗೊತ್ತಿಕೊಂಡಳು. "ನನ್ನೆಸ್ರು ಎಲ್ಲವ್ವ ಅದೆ?" ಅಂದಾಗ ಯಶೋಧರಾ ಬೆರಳಿಟ್ಟು ತೋರಿಸಿದಳು. ಸಾಕಮ್ಮ ಅಲ್ಲೇ ಬೆರಳಿಟ್ಟುಕೊಂಡು ಕೇಳಿದಳು, "ಮುದ್ದಮ್ಮನ ಎಸ್ರು?"

"ಅವರದ್ಯಾಕವ್ವ?" ಅಂದ ಮಾದೇಶ.

"ನಿಂಗೋಸ್ಕರ ಕಣ್ಣೀರಾಕವ್ಳಲ್ಲ! ಪುಟ್ಟಬಸವಯ್ಯ ತಿಥೀನೇ ಮಾಡ್ಸವ್ನೆ. ಇವ್ರನ್ನ ಬುಟ್ಟು ನಾನೆಂಗೆ ಓಗ್ಲಿ?"

ಮಾದೇಶ ಮತ್ತೆ ಮರಳು ಗಡಿಯಾರದ ಮುಂದೆ ಕೂತ. ಬರ್ತೆಲ್ಲ ಮುಗಿದಿದ್ದರಿಂದ ಮುದ್ದಮ್ಮ, ಪುಟ್ಟಬಸವಯ್ಯ ಇಬ್ಬರಿಗೂ ಸೇರಿ ಆರ್.ಎ.ಸಿ.ಯಲ್ಲಿ ಸಿಕ್ಕಿದ್ದು ಒಂದೇ ಸೀಟಿನ ಅರ್ಧರ್ಧ.

ಅಕ್ಟೋಬರಿನಲ್ಲಿ ರೈಲು ಬೆಂಗಳೂರು ಬಿಟ್ಟಿತು. ಕೆಳಗಿನ ಬರ್ತಿನಲ್ಲಿ ಸಾಕಮ್ಮ ಮಹಾರಾಣಿಯಂತೆ ಕಿಟಕಿಗೆ ಮುಖವಿಟ್ಟು ಕೂತಿದ್ದಳು. ಮಾದೇಶನ ಬರ್ತು ಮುದ್ದಮ್ಮನಿಗೆ ಹೋಗಿತ್ತು. ಅರ್ಧ ಸೀಟಿನಲ್ಲಿರಬೇಕಾದ ಪುಟ್ಟಬಸವಯ್ಯ ಮಾದೇಶನಿಗೆ ಉಳಿದಿದ್ದ ಇನ್ನರ್ಧವನ್ನೂ ತುಂಬಿಕೊಂಡು ಗೊರಕೆ ಹೊಡೆಯುತ್ತಿದ್ದ. ಮಾದೇಶ ನಡುದಾರಿಯಲ್ಲಿ ರೊಟ್ಟಿಗಂಟಿನ ಪಕ್ಕ ಚೀಲದ ಮೇಲೆ ಕೂತಿದ್ದ. ಟಿಕೆಟ್ ನೋಡುವವರು ಬಂದು, "ಇಲ್ಲಿ ದಾರೀಲಿ ಕೂತಿರೋರು ಯಾರಮ್ಮ?" ಅಂದರು.

"ನನ್ನ ಮಗನೇ ಕಣಪ್ಪ" ಅಂದಳು ಸಾಕಮ್ಮ, ಮುಖದ ತುಂಬ ಹೆಮ್ಮೆ. "ಕಂಪೂಟ್ರಲ್ಲಿ ಬೀದಿಯೋರ್ಗೆಲ್ಲ ಸೀಟು ಮಾಡ್ಸವ್ನೆ. ತಾನು ಕೂರಾಕೆ ಒಂದು ಮಾಡ್ಕಳಾದ್ನ ಮಾತ್ರ ಇನ್ನೂ ಕಲ್ತಿಲ್ಲ!"