ಏರುವ ಸೀಟು, ಇಳಿಯದ ಬೀಗರು

ಈ ಸಂಬಂಧ ಕೂಡಿಸದಿದ್ದರೆ ತಾನು ಕಾಂತುವೇ ಅಲ್ಲ ಎಂದು ಕಾಂತು ಮುದ್ದೇಬಿಹಾಳದ ತನ್ನ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ನಿಂತು ಘೋಷಿಸಿದ. ಕೇಳಿಸಿಕೊಂಡವರು ಇಬ್ಬರೇ: ಹೆಂಡತಿ ಸುನೀತಾ ಮತ್ತು ಗೋಡೆಯ ಮೇಲಿನ ಹಲ್ಲಿ. ಹಲ್ಲಿ ತಕ್ಷಣ ಲೊಚಗುಟ್ಟಿತು. ಶುಭಶಕುನ! ಸುನೀತಾ ಮಾತ್ರ ಕೈಯಲ್ಲಿದ್ದ ಬುತ್ತಿ ಕೆಳಗಿಟ್ಟು, "ಹೆಂಗ ಕೂಡಿಸ್ತೀರಿ?" ಎಂದಳು.

"ಸೀಟಿನಿಂದ!"

ಸೀಟಿನ ಕತೆಗೆ ಮುಂಚೆ ಸಿಟ್ಟಿನ ಕತೆ ಹೇಳಬೇಕು. ಕಾಂತುವಿನ ಮಗಳು ಪ್ರಿಯದರ್ಶಿನಿಗೆ ಕನ್ನೊಳ್ಳಿಯ ಸಿದ್ದರಾಯನ ಮಗ ಮನಸ್ಸಿಗೆ ಬಂದಿದ್ದ. ಅವನಿಗೂ ಅವಳೇ ಆಗಬೇಕಿತ್ತು. ಇಬ್ಬರೂ ಒಂದೇ ಕಾಲೇಜಿನಲ್ಲಿ ಪಾಠ ಹೇಳುವವರು. ಹಿರಿಯರು ಒಮ್ಮೆ ಕೂತು ಮಾತಾಡುವುದಷ್ಟೇ ಬಾಕಿ. ಹಿರಿಯರು ಕೂತರು. ಕೂತದ್ದೇ ತಪ್ಪಾಯಿತು! ಕಾಂತುವಿನ ಕಾಕಾ, ಮೋರಟಗಿಯ ಮಾಳಿಂಗಪ್ಪ, ಹೊರಸಿನ ಮೇಲೆ ದಪ್ಪ ಕೌದಿ ಮಡಚಿ ಹಾಕಿಸಿಕೊಂಡು ಅದರ ಮೇಲೆ ವಿರಾಜಮಾನನಾದ. ಬೀಗನಾಗಬೇಕಾದ ಸಿದ್ದರಾಯನಿಗೆ ಸಿಕ್ಕಿದ್ದು ಪ್ಲಾಸ್ಟಿಕ್ ಕುರ್ಚಿ. ಚಹಾ ಬರುವಷ್ಟರಲ್ಲಿ ಸಿದ್ದರಾಯ ಕಣ್ಣಲ್ಲೇ ಅಳೆದು ಮುಗಿಸಿದ್ದ. ತಾನು ಒಂದು ಗೇಣು ಕೆಳಗೆ!

"ಬೀಗರನ್ನ ಕಾಲಾಗ ಕುಂಡ್ರಿಸೋ ಮನಿ ಹೆಣ್ಣು ನಮಗ ಬ್ಯಾಡ್ರಿ," ಎಂದವನೇ ಚಹಾ ಮುಟ್ಟದೆ ಬಸ್ ಹತ್ತಿ ಹೋದ.

"ವಯಸ್ಸಿನಾಗ ನಾ ದೊಡ್ಡಾಂವ. ನಾ ಯಾಕ ಕೆಳಗ ಇಳೀಲಿ?" ಎಂದು ಕಾಕಾ ಹೊರಸು ಬಿಟ್ಟು ಏಳಲಿಲ್ಲ.

ಪ್ರಿಯದರ್ಶಿನಿ ಮೂರು ವಾರ ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಒಂದು ದಿನ, "ಅಪ್ಪಾ, ನಿಮ್ಮ ಕುರ್ಚಿ ಜಗಳದಾಗ ನನ್ನ ಬಾಳೇವು ಮುರೀಬ್ಯಾಡ್ರಿ," ಎಂದಳು. ಮಗಳು ಹಾಗೆ ಬೇಡಿಕೊಂಡದ್ದನ್ನು ಕಾಂತು ಎಂದೂ ಕಂಡಿರಲಿಲ್ಲ. ಅಂದೇ ಅವನು ಸೀಟಿನ ಶಪಥ ಮಾಡಿದ್ದು.

ಕೃಷ್ಣೆಯ ಹಿನ್ನೀರಿನಲ್ಲಿ ಜನರನ್ನು ಸುತ್ತಾಡಿಸಬೇಕೆಂದು ಅವನು ಗೋವಾದಿಂದ ಒಂದು ಹಳೆಯ ಸ್ಪೀಡ್‌ಬೋಟ್ ತರಿಸಿದ್ದ. ಎಂಜಿನ್ ಹುಲಿ! ಸೀಟುಗಳು ಮಾತ್ರ ಇಲಿ ತಿಂದ ಸ್ಪಂಜು. ಹೇಗೂ ಹೊಸ ಸೀಟು ಬೇಕು. ಏರಿಳಿಯುವ ಸೀಟನ್ನೇ ಹಾಕಿಸಿ, ಇಬ್ಬರು ಹಿರಿಯರನ್ನೂ ಸಮಸಮ ಕೂರಿಸಿ, ನಡುನೀರಿನಲ್ಲಿ ಮದುವೆಯ ಮಾತು ಮುಗಿಸಿಬಿಟ್ಟರೆ? ಸ್ವಾಮಿ ಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು. ನಡುನೀರಿನಿಂದ ಸಿಟ್ಟು ಮಾಡಿಕೊಂಡು ಎದ್ದು ಹೋಗಲು ಬಸ್ ಕೂಡ ಇರುವುದಿಲ್ಲ!

ಗೋವಾದ ಅಂಗಡಿಯಲ್ಲಿ ಕಾಂತು ಸೀಟು ಆರಿಸಿದ್ದು ಸಂತೆಯಲ್ಲಿ ಎತ್ತು ಆರಿಸಿದ ಹಾಗೆ. ಸುತ್ತು ಹಾಕಿದ, ಬೆನ್ನು ತಟ್ಟಿದ, ಕಾಲು ಅಲ್ಲಾಡಿಸಿ ನೋಡಿದ. ಹನ್ನೊಂದು ಸೀಟಿನ ಮೇಲೆ ಕೂತು ಎದ್ದ ಮೇಲೆ ಹನ್ನೆರಡನೆಯದು ಸಿಕ್ಕಿತು. ಒಂದು ಗುಂಡಿ ಒತ್ತಿದರೆ ಏರುತ್ತದೆ, ಇನ್ನೊಂದು ಒತ್ತಿದರೆ ಇಳಿಯುತ್ತದೆ, ಮತ್ತೊಂದಕ್ಕೆ ಮುಂದೆ ಸರಿಯುತ್ತದೆ. ಅದು ಸೀಟಲ್ಲ, ಸಿಂಹಾಸನ! ಅಂಥವು ಎರಡು. ಕಾಕಾನ ಅಳತೆಯನ್ನು ಅಂಗಿ ಹೊಲಿಸುವ ನೆಪದಲ್ಲಿ ಮೊದಲೇ ತೆಗೆದಿದ್ದ. ಸಿದ್ದರಾಯನದನ್ನು ವರಮಹಾಶಯನೇ ಗುಟ್ಟಾಗಿ ಕಳಿಸಿದ್ದ.

ಸುನೀತಾ ಫೋನಿನಲ್ಲಿ ಕೇಳಿದಳು, "ತಲಿಗೆ ಸುತ್ತೋ ಪಟಗಾ ಹಿಡದು ಅಳದೀರೋ, ಬಿಟ್ಟು ಅಳದೀರೋ?"

"ಹಿಡದು! ಪಟಗಾ ಇಲ್ಲದ ಅವರನ್ನ ಯಾರು ನೋಡ್ಯಾರ?"

ಅಂಗಡಿಯವನು ಎರಡು ಬುದ್ಧಿಮಾತು ಹೇಳಿದ. ಗುಂಡಿಗಳೆಲ್ಲ ಚಾಲಕನ ಕೈಯಲ್ಲಿರಲಿ. ಸೀಟಿಗೇ ಬೇರೆ ಬ್ಯಾಟರಿ ಇರಲಿ. ಕಾಂತು ಎರಡನ್ನೂ ತಳ್ಳಿಹಾಕಿದ. ಅವರವರ ಗುಂಡಿ ಅವರವರ ಕೈಯಲ್ಲಿದ್ದರಲ್ಲವೇ ಮರ್ಯಾದೆ? ಇನ್ನು ಬ್ಯಾಟರಿ! ಟ್ರ್ಯಾಕ್ಟರನ್ನೇ ಎಬ್ಬಿಸುವ ಬ್ಯಾಟರಿಗೆ ಇಬ್ಬರು ಮುದುಕರು ಭಾರವೇ?

"ಇನ್ನೊಂದು ಬ್ಯಾಟರಿ ಇರ್ಲಿ ಬಿಡ್ರಿ," ಎಂದಳು ಸುನೀತಾ.

"ನೀ ರೊಟ್ಟಿ ನೋಡು. ಬೋಟ್ ನಾ ನೋಡ್ತೇನಿ."

ಆದಿತ್ಯವಾರ ಬೆಳಿಗ್ಗೆ ಇಂಡಿಯ ಲಿಂಬೆಹಣ್ಣು ನಿವಾಳಿಸಿ, ಕಾಯಿ ಒಡೆದದ್ದಾಯಿತು. "ನಿಮಗಂತನ ಸಿಂಹಾಸನ ತರಿಸ್ಯಾರ" ಎಂದು ಮಗ ಪುಸಲಾಯಿಸಿದ್ದರಿಂದ ಸಿದ್ದರಾಯ ಬಂದಿದ್ದ. ಇಬ್ಬರಿಗೂ ಜೀವರಕ್ಷಕ ಜಾಕೆಟ್ ತೊಡಿಸಿ ಕೂರಿಸಿದ ಕಾಂತು ಸಿದ್ದರಾಯನ ಸೀಟನ್ನು ನಾಲ್ಕು ಬೆರಳು ಏರಿಸಿದ, ಕಾಕಾನದನ್ನು ಎರಡು ಬೆರಳು ಇಳಿಸಿದ. ಒಂದು ಕಣ್ಣು ಮುಚ್ಚಿ ನೋಡಿದ. ಎರಡೂ ಪಟಗಾ ನೂಲು ಹಿಡಿದಂತೆ ಸಮ!

ಸಿದ್ದರಾಯ ಕೈಯಾನಿಕೆಯನ್ನು ಸವರಿ, "ಏ, ಭಾರಿ ಐತ್ರಿ ಬೀಗರ!" ಎಂದ.

ಬೀಗರ ಅಂದನಲ್ಲ! ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕೂ ತಾಲೂಕಿನಲ್ಲಿ ತನ್ನಂಥ ಬುದ್ಧಿವಂತ ಇಲ್ಲವೆಂದು ಕಾಂತುವಿಗೆ ಆ ಗಳಿಗೆಯಲ್ಲಿ ಖಾತ್ರಿಯಾಯಿತು. ದಂಡೆಯಲ್ಲಿ ನಿಂತಿದ್ದ ಹೆಂಡತಿ ಮಗಳ ಕಡೆಗೆ ಒಂದು ವಿಜಯದ ನೋಟ ಎಸೆದು ವೇಗ ಏರಿಸಿದ.

ಬೋಟು ಹಾರಿತು. ಗಾಳಿ ಬಡಿಯಿತು. ಸಿದ್ದರಾಯ ತನ್ನ ಪಟಗಾವನ್ನು ಕೈಯಿಂದ ಅದುಮಿ ಹಿಡಿದ. ಕಾಕಾ ಕೈಯಾನಿಕೆ ಹಿಡಿದಿದ್ದ. ಅವನ ಹತ್ತು ಮೊಳದ ಪಟಗಾ ಸುರುಳಿ ಬಿಚ್ಚಿಕೊಂಡು ಹಾರಿ ಕೃಷ್ಣಾರ್ಪಣವಾಯಿತು!

ನಡುನೀರಿಗೆ ಬಂದ ಮೇಲೆ ಕಾಂತು ಮದುವೆಯ ಮಾತಿಗೆಂದು ಎಂಜಿನ್ ಆರಿಸಿ ಗಂಟಲು ಸರಿಮಾಡಿಕೊಂಡ. ಹಿಂದಿನಿಂದ "ಗುಂಯ್" ಎಂದಿತು. ತಿರುಗಿ ನೋಡಿದರೆ ಕಾಕಾನ ಬೋಳುತಲೆ ಮೆಲ್ಲಗೆ ಮೇಲೇರುತ್ತಿದೆ. ಪಟಗಾದ ಜೊತೆ ಹೋದ ಎತ್ತರವನ್ನು ಅವನು ಗುಂಡಿಯಿಂದ ತುಂಬಿಕೊಳ್ಳುತ್ತಿದ್ದ. ತುಂಬಿದ ಮೇಲೂ ಬೆರಳು ತೆಗೆಯಲಿಲ್ಲ. ಸಿದ್ದರಾಯ ಓರೆಗಣ್ಣಿನಿಂದ ನೋಡಿದ. ಆ ಕಡೆಯಿಂದಲೂ "ಗುಂಯ್"!

"ಕಾಕಾ, ಸಾಕು, ಇಳೀರಿ!"

"ಪಟಗಾ ಹೋತಂತ ಮಾನಾನೂ ಹೋಗಬೇಕೇನೋ?"

"ಬೀಗರ, ನೀವಾದ್ರೂ ದೊಡ್ಡ ಮನಸ್ಸು ಮಾಡ್ರಿ..."

"ಅವರು ಮೊದಲ ಇಳೀಲಿ. ನಾ ಆಮ್ಯಾಲ ವಿಚಾರ ಮಾಡ್ತೇನಿ."

ಗುಂಯ್, ಗುಂಯ್! ಸೀಟುಗಳು ತುತ್ತತುದಿ ಮುಟ್ಟಿದವು. ಇಬ್ಬರ ಕಾಲುಗಳೂ ಜೋತಾಡಿದವು. ಎತ್ತರ ಮುಗಿಯಿತು ಎಂದು ಜಗಳ ಮುಗಿಯಲಿಲ್ಲ. ಯಾರು ಮುಂದೆ ಎಂಬುದು ಶುರುವಾಯಿತು. ಕಾಕಾ ಮುಂದೆ ಸರಿದ, ಸಿದ್ದರಾಯನೂ ಸರಿದ. ಕಾಂತು ಇಬ್ಬರ ಮೊಣಕಾಲಿನ ನಡುವೆ ಸಿಕ್ಕಿಕೊಂಡು ಕೈ ಮುಗಿಯುತ್ತಿರುವಾಗ "ಗುಂಯ್" ಎಂಬುದು "ಗುಂ" ಆಗಿ, ಬರೀ "ಮ್" ಆಗಿ ನಿಂತೇಹೋಯಿತು. ಕಾಂತು ಓಡಿ ಕೀಲಿ ತಿರುಗಿಸಿದ. "ಟಕ್." ಇನ್ನೊಮ್ಮೆ ತಿರುಗಿಸಿದ. ಅದೇ "ಟಕ್."

ಅವನು ದಂಡೆಗೆ ಫೋನ್ ಹಚ್ಚಿದ. "ಸುನೀತಾ, ಬೋಟ್ ನಿಂತೈತಿ."

"ಎಂಜಿನ್‌ಗೆ ಏನಾತ್ರಿ?"

"ಎಂಜಿನ್ ಛಲೋ ಐತಿ. ಬ್ಯಾಟರಿ ಎಲ್ಲಾ ಸೀಟು ತಿಂದು ಹಾಕ್ಯಾವ."

ಸುನೀತಾ ಫೋನಿಟ್ಟು ದಂಡೆಯುದ್ದಕ್ಕೂ ಹರಗೋಲು ಹುಡುಕಿದಳು.

ಅವಳು ಕಳಿಸಿದ್ದು ಮೀನು ಹಿಡಿಯುವ ತಿಪ್ಪವ್ವನನ್ನು. ಹರಗೋಲು ತಿರುಗಿಸುತ್ತ ಬಂದ ತಿಪ್ಪವ್ವ ತಲೆ ಎತ್ತಿ, "ಯಾಕ್ರಿ ಯಜಮಾನ್ರ, ಅಟ್ಟದ ಮ್ಯಾಲ ಕುಂತೀರಿ? ಬೋಟ್ ವಾಲಾಕತ್ತೈತಿ. ಇಳದು ಇತ್ತ ಬರ್ರಿ," ಎಂದಳು.

ಇಬ್ಬರೂ ಮಿಸುಕಲಿಲ್ಲ. ಮೊದಲು ಇಳಿದವನು ಸೋತ ಹಾಗಲ್ಲವೇ! ಬೋಟು ಇನ್ನಷ್ಟು ವಾಲಿತು. ದಂಡೆಯಲ್ಲಿ ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿರುವುದು ಕಾಂತುವಿಗೆ ಕಾಣುತ್ತಿತ್ತು. ಎಂಥ ಕೆಲಸ ಮಾಡಿಟ್ಟೆನಪ್ಪಾ ಎಂದು ಅವನಿಗೆ ಅಳುವೇ ಬಂತು.

"ಕೂಡೇ ಇಳೀರಿ, ನಾ ಎಣಸ್ತೇನಿ," ಎಂದಳು ತಿಪ್ಪವ್ವ. "ಒಂದು... ಎರಡು... ಹ್ಞಾಂ!"

ಇಬ್ಬರೂ ಒಟ್ಟಿಗೆ ಜಾರಿದರು. ಹರಗೋಲಿನಲ್ಲಿ ಕಾಕಾ ಅಂಚಿನ ಮೇಲೆ ಕೂರಲು ಹೋದ. ತಿಪ್ಪವ್ವ ಗದರಿದಳು, "ತಳಕ್ಕ ಕುಂಡ್ರರಿ! ಇದರಾಗ ಎತ್ತರ ಕುಂತಾಂವ ಮೊದಲ ನೀರು ಕುಡೀತಾನ."

ಮೀನಿನ ಬುಟ್ಟಿಯ ಪಕ್ಕದಲ್ಲಿ, ಒದ್ದೆ ತಳದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಇಬ್ಬರೂ ಕೂತರು. ತಿಪ್ಪವ್ವ ಬೋಟಿಗೆ ಹಗ್ಗ ಕಟ್ಟಿ ಆಮೆಯ ನಡಿಗೆಯಲ್ಲಿ ಎಳೆದಳು. ಹಗ್ಗದ ಈ ತುದಿಯಲ್ಲಿ, ಎರಡು ಖಾಲಿ ಸಿಂಹಾಸನಗಳ ಮುಂದೆ, ಕಾಂತು ಒಬ್ಬನೇ. ಮಾತು ಕೇಳಿಸುತ್ತಿರಲಿಲ್ಲ. ಬಿಸಿಲಿಗೆ ಕಾಕಾನ ಬೋಳುತಲೆ ಕೆಂಪಾದದ್ದು ಕಂಡಿತು. ಸ್ವಲ್ಪ ಹೊತ್ತಿಗೆ ಸಿದ್ದರಾಯ ಹೆಗಲ ಮೇಲಿನ ವಲ್ಲಿ ತೆಗೆದು ಅವನ ತಲೆಗೆ ತಾನೇ ಸುತ್ತಿದ್ದೂ ಕಂಡಿತು. ಆಮೇಲೆ ತಂಬಾಕಿನ ಚೀಲ ಕೈಯಿಂದ ಕೈಗೆ ಹೋಯಿತು. ಆಮೇಲೆ ಇಬ್ಬರೂ ಬೋಟಿನ ಕಡೆ ಬೆರಳು ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೋಟು ದಂಡೆ ಮುಟ್ಟುವ ಹೊತ್ತಿಗೆ ಪ್ರಿಯದರ್ಶಿನಿ ಇಬ್ಬರಿಗೂ ನಮಸ್ಕಾರ ಮಾಡಿ ಎದ್ದಿದ್ದಳು, ಕಣ್ಣು ತುಂಬಿತ್ತು. ಸುನೀತಾ ತಿಪ್ಪವ್ವನ ಅಂಗೈಗೆ ಸಕ್ಕರೆ ಹಾಕುತ್ತಿದ್ದಳು.

"ಏನಾತು?" ಎಂದ ಕಾಂತು.

"ನಿಶ್ಚಯ ಆತು," ಎಂದ ಕಾಕಾ. "ಮುಂದಿನ ತಿಂಗಳ ಮದಿವಿ."

ಅದುವರೆಗೆ ಬಾಡಿದ್ದ ಕಾಂತುವಿನ ಎದೆ ಒಮ್ಮೆಲೇ ಉಬ್ಬಿತು. ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ? ಸಂಬಂಧ ಕೂಡಿಸಿದ್ದು ಕಡೀಕೂ ನನ್ನ ಸೀಟ!" ಎಂದ.

"ಖರೇ ಐತ್ರಿ, ಬೀಗರ," ಸಿದ್ದರಾಯ ಒದ್ದೆ ಧೋತರ ಹಿಂಡುತ್ತ ಹೇಳಿದ. "ನಿಮ್ಮ ಸೀಟಿನ ಮ್ಯಾಲ ಕುಂತು ಇಳದ ಮ್ಯಾಲೇ ನಮಗ ತಿಳೀತು, ನೆಲದಾಗ ಎಷ್ಟು ಸುಖ ಐತಿ ಅಂತ!"