ಹಲಸೂರಿನ ಸಾಲದ ಹಸು

ಬಡವರ ಉದ್ಧಾರದ ಕೆಲಸಕ್ಕೆ ಸೇರಿದ ಮೇಲೆ ನಾನು ನಗೆನಾಟಕಕ್ಕೆ ಟಿಕೆಟ್ ತೆಗೆದುಕೊಂಡದ್ದಿಲ್ಲ. ಹಲಸೂರಿನ ಸಂದಿಗಳಲ್ಲಿ ಮಹಿಳಾ ಸಂಘಗಳಿಗೆ ನಮ್ಮ ಕಂಪನಿಯಿಂದ ಸಣ್ಣ ಸಾಲ ಕೊಡಿಸಿ, ವಾರವಾರ ಕಂತು ವಸೂಲಿ ಮಾಡುವವನು ನಾನು. ತಮಾಷೆ ಕಂತಿನ ಜೊತೆಗೇ ಬರುತ್ತದೆ.

೧. ಪಟ್ಟಿ

ಇಡ್ಲಿ ಮಾರುವ ಅಕ್ಕನೊಬ್ಬರು ಮಗಳ ಡಿಪ್ಲೊಮಾ ಫೀಸಿಗೆ ಸಾಲ ಕೇಳಿದರು. ಆ ವಾರ ಕಟ್ಟದಿದ್ದರೆ ಸೀಟು ಹೋಗುತ್ತಿತ್ತು. ನನ್ನ ಟ್ಯಾಬಿನಲ್ಲಿ ಸಾಲದ ಉದ್ದೇಶಕ್ಕೆ ಇದ್ದದ್ದು ಮೂರೇ: ಹಸು, ಕುರಿ, ಹೊಲಿಗೆ ಯಂತ್ರ. ಓದಿನಿಂದ ಆದಾಯ ಬರುವುದಿಲ್ಲವೆಂದು ಅದನ್ನು ಬಿಟ್ಟಿದ್ದರು. ಎಂಬಿಎ ಓದಿದವರೇ ಕೂತು ಮಾಡಿದ ಪಟ್ಟಿಯಂತೆ.

ಮ್ಯಾನೇಜರಿಗೆ ಫೋನ್ ಮಾಡಿದರೆ, "ಯಾವ್ದಾದ್ರೂ ಒಂದು ಒತ್ತಪ್ಪಾ, ಟಾರ್ಗೆಟ್ ಮುಗೀಬೇಕು" ಅಂದರು. ಹಸು ಒತ್ತಿದೆ. ಅಕ್ಕನದು ಹತ್ತಡಿಯ ಬಾಡಿಗೆ ಕೋಣೆ, ಅದೂ ಎರಡನೇ ಮಹಡಿಯಲ್ಲಿ.

೨. ಫೋಟೋ

ಕಂಪನಿಗೆ ಹಸುವಿನ ಫೋಟೋ ಬೇಕಾಯಿತು. ಬೀದಿಯ ಕೊನೆಯಲ್ಲಿ ಹಳೇ ಊರಿನ ಯಜಮಾನರೊಬ್ಬರಿದ್ದಾರೆ. ಅವರ ಹೊಲವೆಲ್ಲ ಬಾಡಿಗೆ ಮನೆಗಳಾಗಿ, ಒಂದು ಹಸು ಮಾತ್ರ ಉಳಿದಿದೆ. ಅಕ್ಕ ಅದರ ಪಕ್ಕ ನಿಂತರು, ನಾನು ಫೋಟೋ ತೆಗೆದೆ. ಮುಂದಿನ ವಾರ ಬಾಣಂತನದ ಖರ್ಚಿನವರು, ಮನೆ ಅಡ್ವಾನ್ಸಿನವರು, ಸಂಘಕ್ಕೆ ಸಂಘವೇ ಹಸುವಿನ ಮುಂದೆ ಸಾಲು ನಿಂತಿತು. ಯಜಮಾನರು ಫೋಟೋಕ್ಕೊಂದು ಕಟ್ಟು ಹುಲ್ಲು ಎಂದು ರೇಟು ಕಟ್ಟಿದರು. ನಮ್ಮ ಸಾಲದಿಂದ ಮೊದಲು ಮೈ ತುಂಬಿಕೊಂಡದ್ದು ಆ ಹಸುವೇ.

೩. ತಪಾಸಣೆ

ಹೆಡ್ಡಾಫೀಸಿನಿಂದ ತಪಾಸಣೆಗೆ ಸಾಹೇಬರು ಬಂದರು. ಹಸು ಸುಳ್ಳೆಂದು ಗೊತ್ತಾದರೆ ಸಾಲವೆಲ್ಲ ಒಂದೇ ಸಲ ವಾಪಸ್ ಕಟ್ಟಬೇಕು, ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. ಅವರು ಹನ್ನೊಂದು ಫೈಲು ಹರಡಿ ನೋಡಿದರು. ಹನ್ನೊಂದರಲ್ಲೂ ಹಸುವಿನ ಹಣೆಯ ಮೇಲೆ ಅದೇ ಬಿಳಿ ಮಚ್ಚೆ.

"ಎಲ್ರೂ ಒಂದೇ ತಳಿ ತಗೊಂಡಿದ್ದಾರೆ. ಒಳ್ಳೇ ಶಿಸ್ತು ಕಣ್ರೀ" ಎಂದು ಬರೆದುಕೊಂಡರು.

೪. ಎರಡನೇ ಸಾಲ

ಮೂರು ವರ್ಷ ಅಕ್ಕ ಒಂದು ಕಂತೂ ತಪ್ಪಿಸಲಿಲ್ಲ. ಕಟ್ಟಿದ್ದು ಅವರ ಇಡ್ಲಿ, ಕಂಪನಿಯ ವರದಿಯಲ್ಲಿ ಹೆಸರು ಬಂದದ್ದು ಹಾಲಿಗೆ. ಓದಿ ಹೊಟ್ಟೆ ಉರಿಯಿತು. ಆದರೂ ಇನ್ಸೆಂಟಿವ್ ಬಂದಾಗ ಬೇಡವೆನ್ನಲಿಲ್ಲ.

ಮೊನ್ನೆ ಅಕ್ಕ ಇನ್ನೊಂದು ಸಾಲಕ್ಕೆ ಅರ್ಜಿ ಹಾಕಿದರು. ಅದೇ ಸಾಹೇಬರು ಏದುಸಿರು ಬಿಡುತ್ತಾ ಎರಡು ಮಹಡಿ ಹತ್ತಿ ಬಂದು, ಹಸು ಹೇಗಿದೆ ಎಂದು ವಿಚಾರಿಸಿದರು. ಅಕ್ಕ ಮೈಸೂರ್ ಪಾಕಿನ ಡಬ್ಬಿ ಮುಂದಿಟ್ಟರು.

"ಫಸ್ಟ್ ಕ್ಲಾಸಲ್ಲಿ ಪಾಸಾಯ್ತು ಸಾರ್. ಮಾರತ್ತಹಳ್ಳಿಲಿ ಕೆಲ್ಸಾನೂ ಸಿಕ್ತು."

ನಾನು ಗೋಡೆ ನೋಡಿದೆ. ಸಾಹೇಬರು ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಈ ಸಲ ಸಾಲ ಯಾತಕ್ಕೆ ಎಂದು ಕೇಳಿದರು.

"ಅದರ ತಮ್ಮ ಪಿಯುಸಿ ಸೇರ್ಬೇಕು ಸಾರ್."

ಸಾಹೇಬರು ನನ್ನ ಕೈಯಿಂದ ಟ್ಯಾಬ್ ಇಸಕೊಂಡು, ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು.

"ಎತ್ತು ಇದ್ರಲ್ಲಿ ಇಲ್ಲಮ್ಮಾ. ಕುರಿ ಅಂತ ಹಾಕ್ತೀನಿ."