ರಾಗಿ ಡಬ್ಬಿಯಲ್ಲಿ ಮುಟ್ಟುಗೋಲು

ಕಾನೂನೆಂದರೆ ನನಗೆ ಬಹಳ ಗೌರವ. ದೊಡ್ಡಬಳ್ಳಾಪುರದಲ್ಲಿ ಪೊಲೀಸರಿಲ್ಲದಿದ್ದರೂ ಕೆಂಪು ದೀಪಕ್ಕೆ ಗಾಡಿ ನಿಲ್ಲಿಸಿ, ಹಿಂದಿನವರಿಂದ ಬೈಸಿಕೊಳ್ಳುವ ಮಹಾನುಭಾವ ನಾನು!

ನನ್ನದು ಮಗ್ಗದ ಕೆಲಸ. ಹೆಂಡತಿ ಪವಿತ್ರಳದು ಬೀಗ ಮುರಿಯುವ ಕೆಲಸ. ಗಾಬರಿಯಾಗಬೇಡಿ. ಕಂಪನಿಗಳೇ ಅವಳನ್ನು ಕರೆದು, "ನಮ್ಮ ಕಂಪ್ಯೂಟರಿಗೆ ಕನ್ನ ಹಾಕಿ, ತೂತು ಎಲ್ಲಿದೆ ತೋರಿಸಮ್ಮಾ" ಎಂದು ಕೇಳಿಕೊಳ್ಳುತ್ತವೆ. ಅದಕ್ಕೆ ಬೇಕಾದ ಸಾಧನಗಳೆಲ್ಲ ಅವಳ ಬ್ಯಾಗಿನ ಪೆನ್‌ಡ್ರೈವಿನಲ್ಲಿವೆ.

ಅಂಥ ಸಾಧನ ಇಟ್ಟುಕೊಂಡರೂ ಕೆಲವು ದೇಶಗಳಲ್ಲಿ ಕೇಸಾಗಬಹುದೆಂದು ಪೇಪರಿನಲ್ಲಿ ಓದಿದೆ. ಪತ್ನಿಯ ಹಿತದೃಷ್ಟಿಯಿಂದ ಸದರಿ ಪೆನ್‌ಡ್ರೈವನ್ನು ಈ ಮೂಲಕ ಮುಟ್ಟುಗೋಲು ಹಾಕಿಕೊಂಡು, ರಾಗಿ ಡಬ್ಬಿಯಲ್ಲಿ ಹೂತಿಟ್ಟೆ. ಅದೇ ಹುಮ್ಮಸ್ಸಿನಲ್ಲಿ, ಸೀರೆಯ ಚಿತ್ತಾರ ನೇಯಿಸುವ ಮಗ್ಗದ ಕಂಪ್ಯೂಟರಿಗೂ ಹೊಸ ಪಾಸ್‌ವರ್ಡ್ ಹಾಕಿದೆ. ದೇವರಿಗೂ ಗೊತ್ತಾಗದಂಥದ್ದು!

ಬೆಳಗಾಗುವಷ್ಟರಲ್ಲಿ ನನಗೂ ಗೊತ್ತಿರಲಿಲ್ಲ.

ಮಗ್ಗದ ಮೇಲಿದ್ದದ್ದು ತ್ಯಾಮಗೊಂಡ್ಲು ಗಂಗಮ್ಮನವರ ಮಗಳ ಧಾರೆ ಸೀರೆ. ಸೆರಗು ಅರ್ಧ ಬಾಕಿ, ಮಗ್ಗ ನಿಂತಿದೆ. ಗಂಗಮ್ಮ ಆಗಲೇ ಜಗುಲಿಯಲ್ಲಿ ಕೂತಿದ್ದರು.

"ನಾಳಿದ್ದು ಧಾರೆ ಕಣಪ್ಪಾ. ಸೆರಗಿಲ್ದಿರೋ ಸೀರೆ ಉಡ್ಸಿ ಮಗೀನ ಹೆಂಗೆ ಕೂರ್ಸಲಿ?"

ಅವರ ಕಣ್ಣು ತುಂಬಿದ್ದು ಕಂಡು ಹೆಂಡತಿಯ ಹತ್ತಿರ ಓಡಿದೆ.

"ಪವಿತ್ರಾ, ಆ ಪಾಸ್‌ವರ್ಡ್ ಸ್ವಲ್ಪ ಮುರಿದ್ಬಿಡೇ!"

"ಮುರಿಯೋಕೆ ಪೆನ್‌ಡ್ರೈವ್ ಬೇಕಲ್ರೀ. ಬೆಳಿಗ್ಗೆಯಿಂದ ಹುಡುಕ್ತಿದೀನಿ, ಕಾಣ್ತಿಲ್ಲ."

ಏನೂ ಅರಿಯದವನಂತೆ ಅಡುಗೆಮನೆಗೆ ನುಸುಳಿ ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿದೆ. ಡಬ್ಬಿ ಖಾಲಿ! ಅಷ್ಟರಲ್ಲಿ ಹಿತ್ತಲಲ್ಲಿ ರಾಗಿ ಕೇರುತ್ತಿದ್ದ ಅಮ್ಮ ಮೊರ ಹಿಡಿದು ನಡುಮನೆಗೇ ಬಂದರು.

"ಲೋ, ರಾಗೀಲಿ ಕಲ್ಲು ಸಿಗ್ತಿತ್ತು. ಇದ್ಯಾವ್ದೋ ಹೊಸ ಬೆಳೆ?"

ಮೊರದಲ್ಲಿ ಪೆನ್‌ಡ್ರೈವ್! ಅಡುಗೆಮನೆಯಿಂದ ಹೊರಬಂದ ನನ್ನನ್ನು ಎಲ್ಲರೂ ನೋಡಿದರು. ಮೊಣಕೈವರೆಗೆ ರಾಗಿ ಧೂಳು. ನಾನು ಪೇಪರ್, ಕಾನೂನು, ಪರದೇಶ ಎಂದೆಲ್ಲ ತೊದಲಿದೆ.

"ಕುಡುಗೋಲು ಹುಲ್ಲೂ ಕುಯ್ಯುತ್ತೆ, ಕೈನೂ ಕುಯ್ಯುತ್ತೆ," ಎಂದಳು ಪವಿತ್ರ. "ಅಂತ ಕುಡುಗೋಲೇ ಬಚ್ಚಿಟ್ರೆ ಹಸು ಉಪವಾಸ ಕಣ್ರೀ."

ಪೆನ್‌ಡ್ರೈವ್ ಒರೆಸಿ ಕಂಪ್ಯೂಟರಿನ ಮುಂದೆ ಕೂತಳು. ಆದರೆ ಮುಟ್ಟಲಿಲ್ಲ.

"ಮಗ್ಗ ನಿಮ್ದು. ಒಳಗೆ ಹೋಗ್ಲಾ? ಬಾಯ್ಬಿಟ್ಟು ಹೇಳಿ. ಕೇಳದೆ ನಾನು ಯಾರ ಕಂಪ್ಯೂಟರೂ ಮುಟ್ಟಲ್ಲ."

"ಹೋಗು ತಾಯೀ!"

ಗಂಗಮ್ಮನವರ ಕಾಫಿ ಆರುವ ಮೊದಲೇ ಮಗ್ಗ ಸದ್ದು ಮಾಡಿತು. ಗಂಗಮ್ಮ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನಿಜ ಹೇಳುತ್ತೇನೆ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಕೈಗಳ ಬೆಲೆ ನನಗೆ ತಿಳಿದಿರಲಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿತು. ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು!

"ನೋಡಿ ಗಂಗಮ್ಮಾ, ಸಾಧನದಲ್ಲಿ ಅಪರಾಧ ಇಲ್ಲ. ಅಪ್ಪಣೆ ಇಲ್ದೆ ಇನ್ನೊಬ್ಬರದ್ದಕ್ಕೆ ಕೈ ಹಾಕ್ತಾರಲ್ಲ, ಅವರೇ ಕಳ್ಳರು!" ಎಂದು ಭಾಷಣ ಬಿಗಿದೆ.

"ಹೌದಾ?" ಎಂದಳು ಪವಿತ್ರ. "ನನ್ನ ಬ್ಯಾಗಿಗೆ ಯಾರ ಅಪ್ಪಣೆ ತಗೊಂಡು ಕೈ ಹಾಕಿದ್ರಿ?"

ಅಮ್ಮ ಮೊರವನ್ನು ನನ್ನ ಕೈಗೆ ಕೊಟ್ಟರು. ಕಾನೂನಿಗೆ ತಲೆಬಾಗಿ, ಉಳಿದ ರಾಗಿಯನ್ನೆಲ್ಲ ನಾನೇ ಕೇರಿದೆ.